ಕ್ಯಾಶುವಾಲ್ಟಿಯಲ್ಲಿ ಹುಟ್ಟುವ ಪ್ರಶ್ನೆಗೆ ಗುರು ಯಾರು, ದುಡ್ಡು ಎಲ್ಲಿಂದ?

ತಂಗೀ, ಎಂಬಿಬಿಎಸ್ ಮುಗಿಸಿ ಎಮರ್ಜೆನ್ಸಿ ಮೆಡಿಸಿನ್‌ನಲ್ಲಿ ಎಂ.ಡಿ. ಮಾಡುತ್ತೇನೆ, ಅದರ ಜೊತೆಗೆ ಸಂಶೋಧನೆಯನ್ನೂ ಹಿಡಿಯುತ್ತೇನೆ ಎಂದು ನೀನು ಹೇಳಿದಾಗ ನಿಮ್ಮ ಮನೆಯವರು ಕೇಳಿದ್ದು ಒಂದೇ ಮಾತು: ‘ಡಾಕ್ಟರಾದ ಮ್ಯಾಲೆ ಮತ್ತೇನು ಸಂಶೋಧನೆ? ಅದಕ್ಕ ಪಗಾರ ಯಾರು ಕೊಡ್ತಾರವ್ವಾ?’ ಅವರ ಮಾತಿನಲ್ಲಿ ತಪ್ಪೇನಿಲ್ಲ. ಸಾಲ ಮಾಡಿ ಓದಿಸಿದ ಮನೆ ಅದನ್ನೇ ಕೇಳಬೇಕು. ಆದರೆ ಉತ್ತರ ಗೊತ್ತಿಲ್ಲದೆ ನೀನು ಸುಮ್ಮನಾದೆಯಲ್ಲ, ಅದು ನನಗೆ ಹಿಡಿಸಲಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲೇ ಬದುಕು ಕಳೆದವನು ನಾನು. ನನಗೆ ತಿಳಿದಷ್ಟನ್ನು ಬರೆದಿಡುತ್ತೇನೆ. ನಿನ್ನಂತೆ ಹಡಗಲಿ, ಹರಪನಹಳ್ಳಿ, ಕೂಡ್ಲಿಗಿಯಿಂದ ಹೊರಟಿರುವ ಬೇರೆ ಮಕ್ಕಳಿಗೂ ಇದು ಆದೀತು.

ಮೊದಲು ಒಂದು ವಿಷಯ ತಿಳಿದಿರಲಿ. ನೀನು ಆರಿಸಿಕೊಂಡ ಶಾಖೆಗೆ ನಮ್ಮ ದೇಶದಲ್ಲಿ ನಿನಗಿಂತ ಕಡಿಮೆ ವಯಸ್ಸು. ಭಾರತೀಯ ವೈದ್ಯಕೀಯ ಮಂಡಳಿ ಎಮರ್ಜೆನ್ಸಿ ಮೆಡಿಸಿನ್ ಅನ್ನು ಪ್ರತ್ಯೇಕ ವಿಷಯವೆಂದು ಒಪ್ಪಿದ್ದು 2009ರಲ್ಲಿ. ನಮ್ಮ ರಾಜ್ಯದಲ್ಲಿ 108 ಆಂಬುಲೆನ್ಸ್ ಓಡಾಟ ಶುರುವಾದದ್ದು 2008ರ ನವೆಂಬರ್ 1ರಂದು. ಅದಕ್ಕೂ ಮುಂಚೆ ಕ್ಯಾಶುವಾಲ್ಟಿ ಎಂದರೆ ಆವತ್ತು ಯಾರ ಡ್ಯೂಟಿ ಇದೆಯೋ ಅವರ ತಲೆಗೆ ಬೀಳುವ ಕೆಲಸ. ಹಾಗಾಗಿ ಈ ವಿಷಯದಲ್ಲೇ ಓದಿ, ಈ ವಿಷಯದಲ್ಲೇ ಸಂಶೋಧನೆ ಮಾಡಿ ತಲೆ ನರೆತ ಗುರುಗಳು ನಿನಗೆ ಸುಲಭಕ್ಕೆ ಸಿಗಲಾರರು. ಅದೇ ಕಾರಣಕ್ಕೆ ಯಾರೂ ಕೇಳದ ಪ್ರಶ್ನೆಗಳು ರಾಶಿ ರಾಶಿ ಬಿದ್ದಿವೆ. ಆ ಪೈಕಿ ಹೆಚ್ಚಿನವು ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇಲ್ಲ, ನಮ್ಮ ಕಡೆ ಇವೆ.

ಇಲ್ಲೇ ನೋಡು. ಬೆಳಕು ಹರಿಯುವ ಮೊದಲೇ ಮಲ್ಲಿಗೆ ಮೊಗ್ಗು ಬಿಡಿಸಲು, ಹಾವಿನ ಭಯದಲ್ಲೇ ಗಿಡದೊಳಗೆ ಕೈ ಹಾಕುವ ಹೆಣ್ಣುಮಕ್ಕಳು. ಮೈಲಾರದ ಕಾರಣಿಕಕ್ಕೆ ಭರತ ಹುಣ್ಣಿಮೆಯ ಹೊತ್ತಿಗೆ ನೆರೆಯುವ ಲಕ್ಷಗಟ್ಟಲೆ ಜನ. ಕೊಟ್ಟೂರಿನ ತೇರು 2017ರಲ್ಲಿ ಉರುಳಿದ್ದನ್ನು ಯಾರೂ ಮರೆತಿಲ್ಲ. ಕೂಡ್ಲಿಗಿ ತಾಲ್ಲೂಕಿನ ಗುಡೇಕೋಟೆಯಲ್ಲಿ ಕರಡಿಧಾಮವಿದೆ, ಹೊಲಕ್ಕೆ ಹೋದವರು ಕರಡಿ ಕೈಗೆ ಸಿಕ್ಕಿ ಮುಖ ಹರಿಸಿಕೊಂಡು ಬರುತ್ತಾರೆ. ಇನ್ನು ಹಡಗಲಿ ಇರುವ ಜಾಗವೇ ಒಂದು ಪ್ರಶ್ನೆ. ಎದೆನೋವೆಂದು ಬಂದವನನ್ನು ಬಳ್ಳಾರಿಗೆ ಕಳಿಸಬೇಕೋ, ಮದಲಗಟ್ಟಿ ಸೇತುವೆ ದಾಟಿಸಿ ಗದಗಿಗೋ, ದಾವಣಗೆರೆಗೋ, ಹುಬ್ಬಳ್ಳಿಗೋ? ಯಾವ ದಾರಿಯಲ್ಲಿ ಹೋದವರು ಎಷ್ಟು ಹೊತ್ತಿಗೆ ಚಿಕಿತ್ಸೆ ಕಂಡರು, ಯಾರು ಉಳಿದರು? ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆ ಬಂದ ಮೇಲೆ ತಾಲ್ಲೂಕು ಆಸ್ಪತ್ರೆಯಲ್ಲೇ ಇಸಿಜಿ ತೆಗೆದು, ದೂರದ ಹೃದ್ರೋಗ ತಜ್ಞರಿಗೆ ತೋರಿಸಿ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಕೊಡುವ ಏರ್ಪಾಟಾಯಿತು. ರೋಗಿ ಬಾಗಿಲಿಗೆ ಬಂದ ಹೊತ್ತಿಗೂ ಸೂಜಿ ಚುಚ್ಚಿದ ಹೊತ್ತಿಗೂ ನಡುವೆ ಎಷ್ಟು ನಿಮಿಷ ಹೋಯಿತು ಎಂದು ಬರೆದಿಡುವುದಕ್ಕೆ ದೊಡ್ಡ ಪ್ರಯೋಗಾಲಯ ಬೇಕೇ? ಗೋಡೆಗೊಂದು ಗಡಿಯಾರ, ಬರೆಯುವವರಿಗೆ ಶಿಸ್ತು, ಇಷ್ಟೇ ಬೇಕು.

ಹಾವಿನ ವಿಚಾರವನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನೀನು ಶುರುಮಾಡಬೇಕಾದದ್ದು ಇಲ್ಲಿಂದಲೇ ಎಂಬುದು ನನ್ನ ಅಭಿಪ್ರಾಯ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ಹಾವು ಕಚ್ಚಿ ವರ್ಷಕ್ಕೆ ಸರಾಸರಿ 58,000 ಜನ ಸತ್ತರೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜು ಮಾಡಿತು. 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಮರುತಿಂಗಳೇ ಕೇಂದ್ರ ಸರ್ಕಾರ 2030ರೊಳಗೆ ಈ ಸಾವುಗಳನ್ನು ಅರ್ಧಕ್ಕೆ ಇಳಿಸುವ ಕ್ರಿಯಾಯೋಜನೆ ಹೊರಡಿಸಿತು. ಎಂದರೆ ಈಗ ಪ್ರತಿ ಕಡಿತವೂ ಕಾಗದದ ಮೇಲೆ ಬರಬೇಕು. ಕಾಗದದ ಮೇಲೆ ಬಂದದ್ದರ ಗುಣಮಟ್ಟ ಹೇಗಿದೆ ಎಂದು ನೋಡುವವರು ಬೇಕಾಗಿದ್ದಾರೆ.

ಕೊಳಕುಮಂಡಲ ಕಚ್ಚಿದರೆ ರಕ್ತ ಹೆಪ್ಪುಗಟ್ಟುವುದಿಲ್ಲ. ಅದನ್ನು ಕಂಡುಹಿಡಿಯಲು ಮಂಚದ ಪಕ್ಕದಲ್ಲೇ ಮಾಡುವ ಒಂದು ಪರೀಕ್ಷೆ ಇದೆ. ಹೊಸದಾದ, ಒಣಗಿದ, ಶುದ್ಧವಾದ ಗಾಜಿನ ಕೊಳವೆಗೆ ಎರಡು ಎಂಎಲ್ ರಕ್ತ ಹಾಕಿ, ಅಲುಗಾಡಿಸದೆ ಇಪ್ಪತ್ತು ನಿಮಿಷ ನಿಲ್ಲಿಸಿ, ಆಮೇಲೆ ಒಂದೇ ಸಲ ಓರೆ ಮಾಡಿ ನೋಡಬೇಕು. ರಕ್ತ ಹರಿದರೆ ವಿಷ ಏರಿದೆ ಎಂದು ಲೆಕ್ಕ, ಪ್ರತಿವಿಷ ಶುರುಮಾಡಬೇಕು. ಕೊಳವೆ ಪ್ಲಾಸ್ಟಿಕ್ಕಿನದಾಗಿದ್ದರೆ ಅಥವಾ ಸೋಪಿನ ಪುಡಿ ಹಾಕಿ ತೊಳೆದದ್ದಾಗಿದ್ದರೆ ಫಲಿತಾಂಶವೇ ಕೆಡುತ್ತದೆ. ನಡುವೆ ಯಾರೋ ಕುತೂಹಲಕ್ಕೆ ಎತ್ತಿ ನೋಡಿದರೂ ಕೆಡುತ್ತದೆ. ರಾತ್ರಿ ಎರಡು ಗಂಟೆಗೆ, ಒಬ್ಬಳೇ ಸಿಸ್ಟರ್ ಮೂರು ರೋಗಿಗಳನ್ನು ನೋಡುತ್ತಿರುವಾಗ, ಆ ಇಪ್ಪತ್ತು ನಿಮಿಷ ನಿಜವಾಗಿಯೂ ಇಪ್ಪತ್ತು ನಿಮಿಷ ಆಗಿರುತ್ತದೆಯೇ? ಗಾಜಿನ ಕೊಳವೆ ದಾಸ್ತಾನಿನಲ್ಲಿ ಇರುತ್ತದೆಯೇ? ಇದು ಸಂಶೋಧನೆಯ ಪ್ರಶ್ನೆ ತಂಗೀ, ಒಳ್ಳೆಯ ಪ್ರಶ್ನೆ. ಇದರ ಉತ್ತರದಿಂದ ಮುಂದಿನ ಮಳೆಗಾಲದಲ್ಲೇ ನಾಲ್ಕು ಜೀವ ಉಳಿಯಬಹುದು.

ಸಣ್ಣ ಊರಿನಿಂದ ಇದೆಲ್ಲ ಆಗುತ್ತದೆಯೇ ಎಂದು ನೀನು ಅಳುಕುವುದು ನನಗೆ ಗೊತ್ತು. ಮಹಾರಾಷ್ಟ್ರದ ಮಹಾಡ್ ಬಳಿಯ ಬಿರವಾಡಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ 1976ರಲ್ಲಿ ಹೋದ ಯುವ ವೈದ್ಯ ಹಿಮ್ಮತರಾವ್ ಬಾವಸ್ಕರ್ ಕೆಂಪು ಚೇಳು ಕುಟುಕಿದವರು ಕಣ್ಣೆದುರೇ ಸಾಯುವುದನ್ನು ಕಂಡರು. ಅವರು ರೋಗಿಗಳ ಪಕ್ಕ ಕೂತು ನಾಡಿ, ರಕ್ತದೊತ್ತಡ, ಉಸಿರು ಹೇಗೆ ಬದಲಾಗುತ್ತದೆ ಎಂದು ಬರೆದುಕೊಳ್ಳುತ್ತ ಹೋದರು. 1982ರಲ್ಲಿ ಅದು ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂತು. ರಕ್ತದೊತ್ತಡಕ್ಕೆ ಕೊಡುತ್ತಿದ್ದ ಪ್ರಾಜೋಸಿನ್ ಎಂಬ ಮಾತ್ರೆಯನ್ನು ಚೇಳಿನ ವಿಷಕ್ಕೆ ಬಳಸಿ, ಸಾವಿನ ಪ್ರಮಾಣವನ್ನು ಬಹುಮಟ್ಟಿಗೆ ಇಳಿಸಿದರು. 2011ರಲ್ಲಿ ಪತ್ನಿ ಪ್ರಮೋದಿನಿಯವರ ಜೊತೆ 70 ರೋಗಿಗಳ ಮೇಲೆ ನಡೆಸಿದ ಪ್ರಯೋಗ ‘ಬಿಎಂಜೆ’ಯಲ್ಲಿ ಪ್ರಕಟವಾಯಿತು. 2022ರಲ್ಲಿ ಪದ್ಮಶ್ರೀ ಬಂತು. ಅದೇ ರಾಜ್ಯದ ಬಾರಾಮತಿಯ ಗಿರಿರಾಜ್ ಆಸ್ಪತ್ರೆಯ ವೈದ್ಯರು ಕೀಟನಾಶಕ ವಿಷವೇರಿದ 200 ಜನರ ಮೇಲೆ ಪ್ರಾಲಿಡಾಕ್ಸಿಮ್ ಔಷಧಿಯನ್ನು ಎರಡು ರೀತಿಯಲ್ಲಿ ಕೊಟ್ಟು ಹೋಲಿಸಿದ್ದು 2006ರಲ್ಲಿ ‘ಲ್ಯಾನ್ಸೆಟ್’ನಲ್ಲೇ ಬಂತು. ಆಮೇಲೆ ಬೇರೆ ಕಡೆ ನಡೆದ ಅಧ್ಯಯನಗಳು ಬೇರೆ ಮಾತು ಹೇಳಿದವು, ಆ ಚರ್ಚೆ ಇನ್ನೂ ತೀರಿಲ್ಲ. ಅದರಿಂದ ಬಾರಾಮತಿಯ ಬೆಲೆ ಕಮ್ಮಿಯಾಗುವುದಿಲ್ಲ. ಒಂದು ತಾಲ್ಲೂಕು ಪಟ್ಟಣದ ಐಸಿಯು ಎತ್ತಿದ ಪ್ರಶ್ನೆಗೆ ಜಗತ್ತು ಉತ್ತರ ಹುಡುಕಬೇಕಾಯಿತು.

ಆದರೆ ಎಚ್ಚರಿಕೆಯ ಮಾತೊಂದು. ಬಾವಸ್ಕರ್ ಅವರ ಕತೆ ಹೇಳಿ ನಿನ್ನನ್ನು ಬರಿಗೈಯಲ್ಲಿ ಕಳಿಸುವವರು ಸಿಗುತ್ತಾರೆ. ‘ಅವರೆಲ್ಲ ದುಡ್ಡು ಕೇಳಿದ್ರಾ? ಆಸಕ್ತಿ ಇದ್ರೆ ಆಗುತ್ತೆ’ ಎನ್ನುತ್ತಾರೆ. ಆ ಮಾತನ್ನು ಒಪ್ಪಬೇಡ. ಒಬ್ಬರು ತಮ್ಮ ನಿದ್ದೆ, ಸಂಸಾರ, ಸಂಬಳ ಎಲ್ಲವನ್ನೂ ಹಾಕಿ ಸಾಧಿಸಿದರೆಂದು ಎಲ್ಲರೂ ಹಾಗೇ ಸವೆಯಬೇಕೆಂದೇನಿಲ್ಲ. ಹಾಗೆ ಸವೆದು ಕೈಬಿಟ್ಟವರ ಹೆಸರು ಯಾವ ಪತ್ರಿಕೆಯಲ್ಲೂ ಬರುವುದಿಲ್ಲ.

ನಿನಗೆ ಮೊದಲು ಬೇಕಾದದ್ದು ದುಡ್ಡಿಗಿಂತ ಹೊತ್ತು. ಅಮೆರಿಕದಲ್ಲಿ ಯುವ ವೈದ್ಯ ಸಂಶೋಧಕರಿಗೆ ಅಲ್ಲಿನ ರಾಷ್ಟ್ರೀಯ ಆರೋಗ್ಯ ಸಂಸ್ಥೆ ಕೆ23 ಎಂಬ ನೆರವು ಕೊಡುತ್ತದೆ. ಅದರ ಷರತ್ತು ಏನು ಗೊತ್ತೇ? ದುಡಿಮೆಯ ಹೊತ್ತಿನಲ್ಲಿ ನೂರಕ್ಕೆ 75 ಪಾಲು ಸಂಶೋಧನೆಗೂ ಅದರ ತರಬೇತಿಗೂ ಮೀಸಲಿರಬೇಕು, ಮತ್ತು ಹೆಸರಿಸಿದ ಒಬ್ಬ ಮಾರ್ಗದರ್ಶಕ ಇರಬೇಕು. ನಮ್ಮಲ್ಲಿ ಅಷ್ಟು ಕೇಳಿದರೆ ಯಾರೂ ಕೊಡಲಾರರು. ವಾರಕ್ಕೆ ಒಂದು ಮಧ್ಯಾಹ್ನವನ್ನಾದರೂ ಕೇಳು. ನೈಟ್ ಡ್ಯೂಟಿ ಮುಗಿಸಿ ಬಂದ ಮಧ್ಯಾಹ್ನವಲ್ಲ, ತಲೆ ತಾಜಾ ಇರುವ ಮಧ್ಯಾಹ್ನ. ಡ್ಯೂಟಿ ಪಟ್ಟಿಯಲ್ಲಿ ಅದು ಬರಹದಲ್ಲಿ ಇರಲಿ. ಬಾಯಿಮಾತಿನಲ್ಲಿ ಸಿಕ್ಕ ಹೊತ್ತನ್ನು ಮೊದಲ ರಜೆ ಹಾಕಿದವರು ನುಂಗಿಬಿಡುತ್ತಾರೆ.

ಇನ್ನು ದುಡ್ಡು. ಚಿಕ್ಕ ಬಾಗಿಲಿನಿಂದ ಒಳಗೆ ಹೋಗು. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು, ಅಂದರೆ ಐಸಿಎಂಆರ್, ಎಂಬಿಬಿಎಸ್ ವಿದ್ಯಾರ್ಥಿಗಳಿಗಾಗಿಯೇ 1979ರಿಂದ ಎಸ್‌ಟಿಎಸ್ ಎಂಬ ಅಲ್ಪಾವಧಿ ವಿದ್ಯಾರ್ಥಿವೇತನ ನಡೆಸುತ್ತಿದೆ. ಕಾಲೇಜಿನ ಒಬ್ಬ ಗೈಡ್ ಕೈಕೆಳಗೆ ಎರಡು ತಿಂಗಳ ಸಣ್ಣ ಅಧ್ಯಯನ. ವರದಿ ಒಪ್ಪಿಗೆಯಾದ ಮೇಲೆ ಹಣ ಬರುತ್ತದೆ, ಮುಂಚೆ ಅಲ್ಲ. ಹಾಗಾಗಿ ಬಸ್ಸಿನ ಖರ್ಚು, ಜೆರಾಕ್ಸ್ ಖರ್ಚು ಮೊದಲು ನಿನ್ನದೇ. ನಿನಗೆ ಆ ವಯಸ್ಸು ದಾಟಿತು, ನಿನ್ನ ಹಿಂದೆ ಬರುವ ತಮ್ಮ ತಂಗಿಯರಿಗೆ ಹೇಳು. ಹಣಕ್ಕಿಂತ ಹೆಚ್ಚಾಗಿ ಪ್ರಶ್ನೆ ಹಾಕುವ, ಗಡುವಿಗೆ ಸರಿಯಾಗಿ ಬರೆದು ಮುಗಿಸುವ ರೂಢಿ ಅಲ್ಲಿ ಬೀಳುತ್ತದೆ. ಎಂ.ಡಿ. ಸೇರಿದ ಮೇಲೆ ಥೀಸಿಸ್‌ಗೆ ಐಸಿಎಂಆರ್ ನೆರವು ಕೇಳಬಹುದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವೂ ತನ್ನ ಕಾಲೇಜುಗಳವರಿಗೆ ಸಂಶೋಧನಾ ಅನುದಾನ ಕೊಡುತ್ತದೆ. ತುಂಬ ಜನ ಅರ್ಜಿಯನ್ನೇ ಹಾಕುವುದಿಲ್ಲ. ಥೀಸಿಸ್ ಎಂದರೆ ಪರೀಕ್ಷೆಗೆ ಕೂರಲು ಒಂದು ಕಾಗದ ಎಂದುಕೊಂಡುಬಿಟ್ಟಿರುತ್ತಾರೆ. ನೀನು ಹಾಗೆ ಮಾಡಬೇಡ. ಮೂರು ವರ್ಷ ಹೇಗೂ ಮಾಡಲೇಬೇಕಾದ ಕೆಲಸ ಅದು, ನಿನ್ನ ಮುಂದಿನ ಹತ್ತು ವರ್ಷಕ್ಕೆ ತಳಪಾಯ ಆಗುವ ಪ್ರಶ್ನೆಯನ್ನೇ ಆರಿಸು.

ಎಂ.ಡಿ. ಆದ ಮೇಲೆ ದೊಡ್ಡ ಬಾಗಿಲುಗಳಿವೆ. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆಯೂ ಲಂಡನ್ನಿನ ವೆಲ್‌ಕಮ್ ಟ್ರಸ್ಟೂ ಸೇರಿ ಕಟ್ಟಿದ ಇಂಡಿಯಾ ಅಲಯನ್ಸ್, ವೈದ್ಯರಿಗಾಗಿಯೇ ಕ್ಲಿನಿಕಲ್ ಮತ್ತು ಸಾರ್ವಜನಿಕ ಆರೋಗ್ಯ ಫೆಲೋಶಿಪ್ ಕೊಡುತ್ತ ಬಂದಿದೆ. ಆರಂಭದ ಹಂತದವರಿಗೆ ಬೇರೆ ಶ್ರೇಣಿ ಇದೆ. ಸ್ಪರ್ಧೆ ಗಟ್ಟಿ. ಅಲ್ಲಿ ಗೆಲ್ಲುವವರು ಹೆಚ್ಚಾಗಿ ಮೊದಲು ಸಣ್ಣ ಕೆಲಸ ಮಾಡಿ ತೋರಿಸಿದವರು.

ಅರ್ಜಿಯಲ್ಲಿ ಬಜೆಟ್ ಬರೆಯುವ ಪುಟ ಬಂದಾಗ ನಮ್ಮ ಮಕ್ಕಳು ಯಂತ್ರಗಳ ಹೆಸರು ತುಂಬುತ್ತಾರೆ. ನಿನ್ನ ಹಾವಿನ ಅಧ್ಯಯನಕ್ಕೆ ಬೇಕಾದದ್ದನ್ನೇ ಲೆಕ್ಕ ಹಾಕೋಣ. ಹೊಸ ಗಾಜಿನ ಕೊಳವೆಗಳು, ಅಲಾರಂ ಹೊಡೆಯುವ ಟೈಮರ್, ಮುದ್ರಿಸಿದ ಫಾರಂ. ಇವೆಲ್ಲ ಪುಡಿಗಾಸು. ನಿಜವಾದ ಖರ್ಚು ಮನುಷ್ಯರದು. ರಾತ್ರಿಪಾಳಿಯಲ್ಲೂ ಮಾಹಿತಿ ತುಂಬುವ ಒಬ್ಬರಿಗೆ ಗೌರವಧನ ಬೇಕು. ಮನೆಗೆ ಹೋದ ರೋಗಿ ಹೇಗಿದ್ದಾನೆ, ಕಾಲಿನ ಹುಣ್ಣು ಮಾಯಿತೇ, ಮೂತ್ರಪಿಂಡಕ್ಕೆ ಡಯಾಲಿಸಿಸ್ ಬಿತ್ತೇ ಎಂದು ವಿಚಾರಿಸಲು ಫೋನು, ಸಿಗದಿದ್ದರೆ ಹಳ್ಳಿಗೇ ಹೋಗಿಬರುವ ಖರ್ಚು ಬೇಕು. ಆಶಾ ಕಾರ್ಯಕರ್ತೆಯಿಂದ ಕೆಲಸ ತೆಗೆದುಕೊಂಡರೆ ಅವಳಿಗೂ ಕೊಡಬೇಕು, ಪುಕ್ಕಟೆ ದುಡಿಸಬಾರದು. ಇದನ್ನು ಬಿಡಿಬಿಡಿಯಾಗಿ ಬರೆದರೆ ಅರ್ಜಿ ಓದುವವರಿಗೆ ನೀನು ಕ್ಯಾಶುವಾಲ್ಟಿಯಲ್ಲಿ ನಿಂತವಳು ಎಂದು ಗೊತ್ತಾಗುತ್ತದೆ.

ನಡುವೆ ಅಧಿಕಾರದಲ್ಲಿರುವವರಿಗೂ ಒಂದು ಮಾತು. ನಮ್ಮ ತಾಲ್ಲೂಕುಗಳು ಸಂವಿಧಾನದ 371(ಜೆ) ವಿಧಿಯ ವ್ಯಾಪ್ತಿಯಲ್ಲಿವೆ. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಗೆ ಈಚಿನ ರಾಜ್ಯ ಬಜೆಟ್‌ಗಳಲ್ಲಿ 5,000 ಕೋಟಿ ರೂಪಾಯಿ ಘೋಷಣೆಯಾಗಿದೆ. ಕಟ್ಟಡ ಬೇಕು, ರಸ್ತೆ ಬೇಕು, ಬೇಡವೆನ್ನುವುದಿಲ್ಲ. ಅದರಲ್ಲಿ ಒಂದು ಚೂರನ್ನು ತಾಲ್ಲೂಕು ಆಸ್ಪತ್ರೆಗಳಲ್ಲಿ ತುರ್ತು ಚಿಕಿತ್ಸೆಯ ಬಗ್ಗೆ ಅಧ್ಯಯನ ಮಾಡುವ ಯುವ ವೈದ್ಯರಿಗೆಂದು ತೆಗೆದಿಟ್ಟರೆ, ಕಟ್ಟಿದ ಕಟ್ಟಡದೊಳಗೆ ಜೀವ ಉಳಿಯುತ್ತಿದೆಯೋ ಇಲ್ಲವೋ ಎಂಬುದಾದರೂ ತಿಳಿದೀತು. ಇದನ್ನು ನಾನು ಸಭೆಗಳಲ್ಲಿ ಹೇಳುತ್ತಲೇ ಇದ್ದೇನೆ, ಇನ್ನೂ ಹೇಳುತ್ತೇನೆ.

ಈಗ ಗುರುವಿನ ಮಾತಿಗೆ ಬರೋಣ. ಇದು ದುಡ್ಡಿಗಿಂತ ಕಷ್ಟದ ವಿಷಯ. ಶ್ರೀಲಂಕಾದ ಅನುರಾಧಪುರದಲ್ಲಿ ವಿಷಪ್ರಾಶನದ ರೋಗಿಗಳನ್ನು ಕಂಡ ಯುವ ಬ್ರಿಟಿಷ್ ವೈದ್ಯ ಮೈಕಲ್ ಎಡಲ್‌ಸ್ಟನ್‌ಗೆ, ಹಾವಿನ ವಿಷದ ವಿಷಯದಲ್ಲಿ ಜಗತ್ತಿಗೇ ಗೊತ್ತಿದ್ದ ಆಕ್ಸ್‌ಫರ್ಡಿನ ಡೇವಿಡ್ ವಾರೆಲ್ ಅವರ ಒತ್ತಾಸೆ ಇತ್ತು. ಶ್ರೀಲಂಕಾದ ವೈದ್ಯರೂ ಜೊತೆಗೆ ನಿಂತರು. ವೆಲ್‌ಕಮ್ ಟ್ರಸ್ಟಿನ ಹಣವೂ ಬಂತು. 2008ರಲ್ಲಿ ಅವರ ತಂಡ 4,632 ರೋಗಿಗಳ ಅಧ್ಯಯನ ಪ್ರಕಟಿಸಿ, ವಿಷ ಸೇವಿಸಿದವರಿಗೆ ರೂಢಿಯಿಂದ ಕೊಡುತ್ತಿದ್ದ ಇದ್ದಿಲಿನ ಪುಡಿಯಿಂದ ಅಲ್ಲಿ ಸಾವು ಕಡಿಮೆಯಾಗಲಿಲ್ಲ ಎಂದು ತೋರಿಸಿತು. ಪ್ರಶ್ನೆ ಹಳ್ಳಿಗಾಡಿನ ವಾರ್ಡಿನದು, ಬರೆಯುವ ಶಿಸ್ತು ದೂರದ ಗುರುವಿನದು. ನಿನಗೂ ಎರಡೂ ಬೇಕು.

ಹಾಗಾಗಿ ಒಬ್ಬರೇ ಗುರುವಿನಲ್ಲಿ ಎಲ್ಲವನ್ನೂ ಹುಡುಕಬೇಡ. ಎಮರ್ಜೆನ್ಸಿ ಮೆಡಿಸಿನ್ನಿನವರೇ ಆಗಬೇಕೆಂದೂ ಇಲ್ಲ. ಬಳ್ಳಾರಿ, ಕೊಪ್ಪಳ, ಗದಗ, ಹುಬ್ಬಳ್ಳಿ, ದಾವಣಗೆರೆ, ನಿನ್ನ ಸುತ್ತ ಎಲ್ಲ ದಿಕ್ಕಿಗೂ ವೈದ್ಯಕೀಯ ಕಾಲೇಜುಗಳಿವೆ. ಅಲ್ಲಿನ ಪಿಎಸ್‌ಎಂ, ಅಂದರೆ ಸಮುದಾಯ ವೈದ್ಯಶಾಸ್ತ್ರ ವಿಭಾಗಕ್ಕೆ ಹೋಗು. ಎಷ್ಟು ರೋಗಿಗಳು ಬೇಕು, ಯಾವ ಲೆಕ್ಕ ಸರಿ ಎಂದು ಹೇಳುವ ಸಂಖ್ಯಾಶಾಸ್ತ್ರದವರು ಅಲ್ಲಿರುತ್ತಾರೆ, ಅವರ ಬಳಿ ಹೋಗುವವರೇ ಕಡಿಮೆ. ಮಾಹಿತಿ ಎಲ್ಲ ತುಂಬಿದ ಮೇಲೆ ಹೋದರೆ ಅವರೇನೂ ಮಾಡಲಾರರು. ಮೊದಲ ಫಾರಂ ಅಚ್ಚು ಹಾಕಿಸುವ ಮುಂಚೆ ಹೋಗು. ಇನ್ನೊಬ್ಬರು ನಿನ್ನ ಬರಹವನ್ನು ಕೆಂಪು ಪೆನ್ನು ಹಿಡಿದು ಓದುವವರಾಗಿರಬೇಕು. ಹೊಗಳುವವರು ಬೇಡ, ತಿಂಗಳಿಗೆ ಒಂದು ಗಂಟೆ ಕೊಟ್ಟು ‘ಈ ಸಾಲಿಗೆ ಆಧಾರ ಎಲ್ಲಿದೆ?’ ಎಂದು ಕೇಳುವವರು ಬೇಕು. ಅವರು ಬೆಂಗಳೂರಿನಲ್ಲೋ ವೆಲ್ಲೂರಿನಲ್ಲೋ ಇದ್ದರೂ ಫೋನಿನಲ್ಲಿ ನಡೆಯುತ್ತದೆ. ಅವರಿಗೆ ಬರೆಯುವಾಗ ‘ಮಾರ್ಗದರ್ಶನ ಮಾಡಿ ಸರ್’ ಎಂದಷ್ಟೇ ಕೈಮುಗಿದರೆ ಉತ್ತರ ಬರಲಿಕ್ಕಿಲ್ಲ. ಒಂದು ಪುಟದಲ್ಲಿ ಪ್ರಶ್ನೆ, ಅರ್ಧ ಪುಟದಲ್ಲಿ ನಿನ್ನ ಆಸ್ಪತ್ರೆಗೆ ಬರುವ ರೋಗಿಗಳ ವಿವರ, ಕೊನೆಗೆ ಅವರಿಂದ ನಿನಗೆ ಬೇಕಾದ ಒಂದೇ ಒಂದು ಸಹಾಯ. ಇಷ್ಟು ಬರೆದರೆ ಬಹಳ ಮಂದಿ ಉತ್ತರಿಸುತ್ತಾರೆ.

ಕೆಲಸ ಶುರುವಾಗುವ ಮೊದಲೇ ಯಾರ ಹೆಸರು ಎಲ್ಲಿ ಬರಬೇಕೆಂದು ಮಾತಾಡಿಕೊಂಡಿರು. ಹಿರಿಯರೊಡನೆ ಹೀಗೆ ಮಾತಾಡುವುದು ನಮ್ಮ ಕಡೆ ಉದ್ಧಟತನ ಎನಿಸುತ್ತದೆ. ವಿನಯದಿಂದಲೇ ಕೇಳು, ಕೇಳದೆ ಇರಬೇಡ. ರಾತ್ರಿ ಗಡಿಯಾರ ನೋಡಿ ಕೊಳವೆ ಓರೆ ಮಾಡಿದ ಸಿಸ್ಟರ್, ಕರೆ ಬಂದ ಹೊತ್ತು ಮತ್ತು ಆಸ್ಪತ್ರೆ ಮುಟ್ಟಿದ ಹೊತ್ತನ್ನು ಬರೆದಿಟ್ಟ 108ರ ಸಿಬ್ಬಂದಿ, ಇವರು ಪ್ರಶ್ನೆ ರೂಪಿಸುವುದರಿಂದ ಹಿಡಿದು ಬರೆಯುವವರೆಗೂ ಜೊತೆಗಿದ್ದರೆ ಅವರೂ ಲೇಖಕರೇ. ಬರೀ ವಂದನೆಯ ಸಾಲಿನಲ್ಲಿ ಮುಗಿಸಿಬಿಡಬೇಡ. ಹಾಗೇ, ನಿನ್ನ ಲೇಖನ ಮೂರೇ ದಿನದಲ್ಲಿ ಪ್ರಕಟಿಸುತ್ತೇವೆ, ಇಷ್ಟು ಸಾವಿರ ಕಳಿಸಿ ಎಂದು ಹೊಗಳಿ ಬರೆಯುವ ಪತ್ರಿಕೆಗಳ ತಂಟೆಗೆ ಹೋಗಬೇಡ. ಬಡ್ತಿಗೆ ಪೇಪರು ಬೇಕೆಂಬ ಅವಸರದಲ್ಲಿ ಒಳ್ಳೆಯ ಕೆಲಸವನ್ನು ಅಲ್ಲಿ ಹೂತವರಿದ್ದಾರೆ.

ತಾಲ್ಲೂಕು ಆಸ್ಪತ್ರೆಗೆ ಸಾಮಾನ್ಯವಾಗಿ ಸ್ವಂತ ನೈತಿಕ ಸಮಿತಿ ಇರುವುದಿಲ್ಲ. ನೋಂದಣಿಯಾದ ಸಮಿತಿ ಇರುವ ಕಾಲೇಜಿನ ಜೊತೆ ಸೇರಿಯೇ ಅನುಮತಿ ಪಡೆಯಬೇಕು. ಗೈಡ್ ಬೇಕೆನ್ನುವುದಕ್ಕೆ ಇದೂ ಒಂದು ಕಾರಣ. ಚಿಕಿತ್ಸೆಗಳನ್ನು ಹೋಲಿಸುವ ಪ್ರಯೋಗವಾದರೆ ಮೊದಲ ರೋಗಿಯನ್ನು ಸೇರಿಸುವ ಮುಂಚೆ ಚಿಕಿತ್ಸಾ ಪ್ರಯೋಗಗಳ ರಾಷ್ಟ್ರೀಯ ದಾಖಲೆಯಾದ ಸಿಟಿಆರ್‌ಐನಲ್ಲಿ ನೋಂದಾಯಿಸು. ತುರ್ತು ಚಿಕಿತ್ಸೆಯಲ್ಲಿ ಒಪ್ಪಿಗೆಯ ಪ್ರಶ್ನೆ ಬಹಳ ಸೂಕ್ಷ್ಮ. ಪ್ರಜ್ಞೆ ತಪ್ಪಿದವನು ಏನು ಒಪ್ಪಿಯಾನು? ಅಂಥ ಹೊತ್ತಿನಲ್ಲಿ ಹೇಗೆ ನಡೆದುಕೊಳ್ಳಬೇಕೆಂದು ಐಸಿಎಂಆರ್‌ನ 2017ರ ಮಾರ್ಗಸೂಚಿಯಲ್ಲಿದೆ, ಓದಿಕೋ. ಆದರೆ ಮಾರ್ಗಸೂಚಿ ಓದಿದ ಮೇಲೂ ಉಳಿಯುವ ಕೆಲಸವೊಂದಿದೆ. ಗಂಡನನ್ನು ಟ್ರಾಲಿಯ ಮೇಲೆ ಮಲಗಿಸಿ ಸೆರಗಿನ ತುದಿ ಬಾಯಿಗೆ ಒತ್ತಿಕೊಂಡು ನಿಂತ ಹೆಣ್ಣುಮಗಳ ಮುಂದೆ ನಾಲ್ಕು ಪುಟದ ಫಾರಂ ಹಿಡಿದು ‘ಇಲ್ಲಿ ಹೆಬ್ಬೆಟ್ಟು ಒತ್ರಿ’ ಎನ್ನಬೇಡ. ಮೊದಲು ಚಿಕಿತ್ಸೆ ನಡೆಯಲಿ. ಆಮೇಲೆ ಕೂರಿಸಿ, ನಮ್ಮ ಹಡಗಲಿ ಮಾತಿನಲ್ಲೇ, ‘ಒಪ್ಪಿದ್ರೂ ಒಪ್ಪದಿದ್ರೂ ಔಷಧಿ ಒಂದ ಥರ ಕೊಡ್ತೀವಿ’ ಎಂಬುದನ್ನು ಮೊದಲ ವಾಕ್ಯದಲ್ಲೇ ಹೇಳು. ಓದು ಬಾರದವರಿದ್ದರೆ ಆಸ್ಪತ್ರೆಗೆ ಸಂಬಂಧವಿಲ್ಲದ ಸಾಕ್ಷಿಯೊಬ್ಬರು ಪಕ್ಕದಲ್ಲಿರಲಿ. ಬೇಡ ಎಂದರೆ ಮುಖ ಸಣ್ಣದು ಮಾಡಿಕೊಳ್ಳಬೇಡ.

ಸ್ವಂತ ಅಧ್ಯಯನ ಕೈಗೂಡುವವರೆಗೆ ದೊಡ್ಡವರ ಅಧ್ಯಯನದಲ್ಲಿ ಒಂದು ಕೈಯಾಗು. ಅಪಘಾತದ ರಕ್ತಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆ್ಯಸಿಡ್ ಎಂಬ ಅಗ್ಗದ ಔಷಧಿ ಜೀವ ಉಳಿಸುತ್ತದೆಂದು 2010ರಲ್ಲಿ ತೋರಿಸಿದ ಕ್ರ್ಯಾಶ್-2 ಪ್ರಯೋಗ 40 ದೇಶಗಳ 274 ಆಸ್ಪತ್ರೆಗಳಲ್ಲಿ 20,211 ರೋಗಿಗಳ ಮೇಲೆ ನಡೆಯಿತು. ನಮ್ಮ ದೇಶದ ಆಸ್ಪತ್ರೆಗಳೂ ಅದರಲ್ಲಿದ್ದವು. ಅಂಥದ್ದರಲ್ಲಿ ಹತ್ತು ರೋಗಿಗಳ ಫಾರಂ ತಪ್ಪಿಲ್ಲದೆ ತುಂಬಿದವರಿಗೆ, ಗಾಯವಾದ ಹೊತ್ತನ್ನು ಸರಿಯಾಗಿ ಬರೆಯುವುದು ಏಕೆ ಮುಖ್ಯವೆಂದು ತಾನಾಗಿ ತಿಳಿಯುತ್ತದೆ. ಆ ಔಷಧಿ ಮೂರು ಗಂಟೆಯೊಳಗೆ ಕೊಟ್ಟರಷ್ಟೇ ಗುಣ.

ಮನೆಯವರಿಗೆ ನಾನೇ ಹೇಳುತ್ತೇನೆ: ಪಗಾರ ಡಾಕ್ಟರಿಕೆಗೆ ಬರುತ್ತದೆ, ಸಂಶೋಧನೆಗೆ ನೆರವು ಬೇರೆ ಬರುತ್ತದೆ, ಮೊದಲ ಎರಡು ಮೂರು ವರ್ಷ ಕೈ ಬಿಗಿ ಇರುತ್ತದೆ, ಆ ಹೊತ್ತಿಗೆ ಮದುವೆ, ಮನೆ ಕಟ್ಟುವುದು ಎಂದು ಒತ್ತಾಯ ಮಾಡಬೇಡಿ ಎಂದು. ನೀನು ಮಾಡಬೇಕಾದದ್ದು ಇಷ್ಟು. ಕಳೆದ ಮಳೆಗಾಲದ ಹಾವಿನ ಕೇಸ್ ಶೀಟುಗಳನ್ನು ನೋಡಲು ಮುಖ್ಯ ವೈದ್ಯಾಧಿಕಾರಿಗಳಿಗೆ ಒಂದು ಅರ್ಜಿ ಕೊಡು. ಒಪ್ಪಿಗೆ ಸಿಕ್ಕರೆ ಯಾವ ಶೀಟಿನಲ್ಲಿ ಕಚ್ಚಿದ ಹೊತ್ತು ಬರೆದಿದೆ, ಯಾವುದರಲ್ಲಿ ಬಿಟ್ಟಿದೆ ಎಂದು ಎಣಿಸು. ರೋಗಿಯ ಹೆಸರು ನಿನ್ನ ಪುಸ್ತಕಕ್ಕೆ ಇಳಿಯುವುದು ಬೇಡ. ಆಮೇಲೆ ಎರಡು ಪುಟದ ಸಿನಾಪ್ಸಿಸ್ ಬರೆದು ಮನೆಗೆ ತಾ. ಲೆಕ್ಕಾಚಾರದ ಭಾಗ ಖಾಲಿ ಬಿಟ್ಟಿರು, ಅದನ್ನು ಪಿಎಸ್‌ಎಂನವರ ಜೊತೆ ಕೂತು ತುಂಬೋಣ.